ಕೋಟಿ ರೂಪಾಯಿ ಪ್ರಶ್ನೆಯನ್ನು ಬಿಚ್ಚಿ ನೋಡೋಣ

ನಮಸ್ಕಾರ. ಟಿವಿ ಕ್ವಿಜ್‌ನಲ್ಲಿ ಬಂದ ಕಷ್ಟದ ಪ್ರಶ್ನೆಗಳನ್ನು ಇವತ್ತು ಬಿಚ್ಚಿ ನೋಡೋಣ. ಸ್ಕ್ರೀನ್ ಮೇಲೆ ಪ್ರಶ್ನೆ ಬಂದ ತಕ್ಷಣ ಉತ್ತರ ಹೇಳಬೇಡಿ. ಸರಿ ಉತ್ತರ ಗೊತ್ತಿದ್ದರೂ, ಉಳಿದ ಮೂರು ಆಯ್ಕೆ ಯಾಕೆ ತಪ್ಪು ಅಂತ ಮೊದಲು ಯೋಚನೆ ಮಾಡಿ.

ಇದು 2011ರ ಕೌನ್ ಬನೇಗಾ ಕರೋಡ್‌ಪತಿ. ಬಿಹಾರದ ಸುಶೀಲ್ ಕುಮಾರ್ ಅವರಿಗೆ 5 ಕೋಟಿ ತಂದುಕೊಟ್ಟ ಪ್ರಶ್ನೆ. 1868ರ ಅಕ್ಟೋಬರ್ 16ರಂದು ನಿಕೋಬಾರ್ ದ್ವೀಪಗಳ ಹಕ್ಕನ್ನು ಬ್ರಿಟಿಷರಿಗೆ ಮಾರಿ, ಭಾರತದ ಜೊತೆಗಿನ ನಂಟನ್ನೇ ಮುಗಿಸಿಕೊಂಡ ವಸಾಹತುಶಾಹಿ ದೇಶ ಯಾವುದು? ಬೆಲ್ಜಿಯಂ, ಇಟಲಿ, ಡೆನ್ಮಾರ್ಕ್, ಫ್ರಾನ್ಸ್.

ತಾರೀಖು ನೋಡಿದ ಕೂಡಲೇ ಎದೆ ಧಸಕ್ ಅನ್ನುತ್ತೆ. ಆದರೆ ತಾರೀಖನ್ನು ಪಕ್ಕಕ್ಕಿಡಿ. ಬೀಗದ ಕೈ ಇರೋದು ‘ನಂಟು ಮುಗಿಸಿಕೊಂಡ’ ಅನ್ನೋ ಮಾತಿನಲ್ಲಿ. ಫ್ರಾನ್ಸ್ ಪುದುಚೇರಿಯಲ್ಲಿ 1954ರವರೆಗೂ ಇತ್ತು, ಹಾಗಾಗಿ ಅದು ಹೋಯ್ತು. ಬೆಲ್ಜಿಯಂ ಸ್ವತಂತ್ರವಾಗಿದ್ದೇ 1830ರಲ್ಲಿ, ಇಟಲಿ ಒಂದು ರಾಜ್ಯವಾಗಿದ್ದು 1861ರಲ್ಲಿ. ಅಷ್ಟರಲ್ಲಿ ಭಾರತದಲ್ಲಿ ನೆಲೆಯೂರಿ, ಆಳಿ, ಮಾರಿ ಹೋಗೋದಕ್ಕೆ ಇವೆರಡಕ್ಕೂ ಸಮಯ ಎಲ್ಲಿತ್ತು? ಇನ್ನೊಂದು ವಿಷಯ: 1860ರ ದಶಕದಲ್ಲಿ ಇಟಲಿ ಇದೇ ದ್ವೀಪಗಳನ್ನು ಕೊಳ್ಳೋಕೆ ಮಾತುಕತೆ ನಡೆಸಿತ್ತು. ಅಂದರೆ ಅರ್ಧ ಓದಿಕೊಂಡವರು ಎಡವಲಿ ಅಂತಲೇ ಇಟ್ಟ ಹಾಗಿರೋ ಆಯ್ಕೆ ಅದು. ಉಳಿದಿದ್ದು ಡೆನ್ಮಾರ್ಕ್. ಡೇನರು 1620ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದರು, 1845ರಲ್ಲಿ ತರಂಗಂಬಾಡಿ ಮತ್ತು ಬಂಗಾಳದ ಸೆರಾಂಪೋರನ್ನು ಬ್ರಿಟಿಷರಿಗೆ ಮಾರಿದರು. ಕೊನೆಗೆ ಕೈಯಲ್ಲಿ ಉಳಿದಿದ್ದು ನಿಕೋಬಾರ್ ಒಂದೇ. 1868 ಅನ್ನೋ ಇಸವಿ ಬಾಯಿಪಾಠ ಇರಬೇಕಾಗಿಯೇ ಇರಲಿಲ್ಲ, ನೋಡಿ.

ಇದೇ ಕಾರ್ಯಕ್ರಮದಲ್ಲಿ 2000ದಲ್ಲಿ ಹರ್ಷವರ್ಧನ್ ನವಾಥೆ ಮೊದಲ ಕೋಟಿ ಗೆದ್ದ ಪ್ರಶ್ನೆ ಇದಕ್ಕಿಂತ ನೇರ. ಸಂಸತ್ತಿನ ಕಲಾಪದಲ್ಲಿ ಭಾಗವಹಿಸೋಕೆ ಸಂವಿಧಾನ ಇವರಲ್ಲಿ ಯಾರಿಗೆ ಅವಕಾಶ ಕೊಡುತ್ತೆ? ಸಾಲಿಸಿಟರ್ ಜನರಲ್, ಅಟಾರ್ನಿ ಜನರಲ್, ಸಂಪುಟ ಕಾರ್ಯದರ್ಶಿ, ಮುಖ್ಯ ನ್ಯಾಯಮೂರ್ತಿ. ಸಾಲಿಸಿಟರ್ ಜನರಲ್ ಮತ್ತು ಸಂಪುಟ ಕಾರ್ಯದರ್ಶಿ ಸಂವಿಧಾನ ಸೃಷ್ಟಿಸಿದ ಹುದ್ದೆಗಳೇ ಅಲ್ಲ. ನ್ಯಾಯಮೂರ್ತಿಗಳು ಸದನದಲ್ಲಿ ಕೂತು ಚರ್ಚೆ ಮಾಡೋದಿಲ್ಲ. 88ನೇ ವಿಧಿಯ ಪ್ರಕಾರ ಅಟಾರ್ನಿ ಜನರಲ್ ಎರಡೂ ಸದನಗಳಲ್ಲಿ ಮಾತಾಡಬಹುದು, ಮತ ಮಾತ್ರ ಹಾಕೋ ಹಾಗಿಲ್ಲ.

ಈಗ ಪ್ರಶ್ನೆ ಬರೆಯೋರ ಕಡೆಗೆ ಬರೋಣ, ಯಾಕಂದರೆ ತಪ್ಪು ಅಲ್ಲೂ ಆಗುತ್ತೆ. ‘ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು?’ ಬಹಳ ಸಲೀಸಾದ ಪ್ರಶ್ನೆ ಅನ್ನಿಸುತ್ತೆ, ಅಲ್ವಾ? 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿ. 1956ರ ನವೆಂಬರ್ 1ಕ್ಕೆ ಏಕೀಕೃತ ರಾಜ್ಯದ ಚುಕ್ಕಾಣಿ ಹಿಡಿದವರು ಎಸ್. ನಿಜಲಿಂಗಪ್ಪ. 1973ರ ನವೆಂಬರ್ 1ಕ್ಕೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದಾಗ ಇದ್ದವರು ದೇವರಾಜ ಅರಸು. ಮೂವರ ಹೆಸರೂ ಆಯ್ಕೆಯಲ್ಲಿದ್ದರೆ ಸ್ಪರ್ಧಿ ಏನು ಮಾಡಬೇಕು? ಇಂಥ ಪ್ರಶ್ನೆಯನ್ನು ಕಷ್ಟದ್ದು ಅನ್ನೋಕಾಗಲ್ಲ, ಅದು ಕೆಟ್ಟ ಪ್ರಶ್ನೆ. ‘ಏಕೀಕರಣದ ನಂತರ’ ಅಂತ ಎರಡು ಪದ ಸೇರಿಸಿದರೆ ಸರಿಹೋಗುತ್ತೆ. ‘ಮೊದಲ’, ‘ಅತಿ ದೊಡ್ಡ’, ‘ಏಕೈಕ’ ಅನ್ನೋ ಪದ ಕಂಡ ಕಡೆಯೆಲ್ಲ ‘ಯಾವುದರಲ್ಲಿ, ಯಾವಾಗಿನಿಂದ’ ಅಂತ ಕೇಳಿಕೊಳ್ಳಿ.

ಕ್ರಮವಾಗಿ ಜೋಡಿಸೋ ಪ್ರಶ್ನೆಗೆ ಒಂದು ಚಿಕ್ಕ ಉಪಾಯ. ನಾಲ್ಕು ಹೆಸರನ್ನು 24 ರೀತಿ ಜೋಡಿಸಬಹುದು. ಹೊಯ್ಸಳ, ಕದಂಬ, ವಿಜಯನಗರ, ರಾಷ್ಟ್ರಕೂಟ ಇವನ್ನು ಕಾಲಕ್ರಮದಲ್ಲಿ ಜೋಡಿಸಿ ಅಂತ ಕೊಟ್ಟರೆ ಮೊದಲು ಎರಡು ತುದಿ ಹಿಡಿಯಿರಿ: ಮೊದಲು ಕದಂಬ, ಕೊನೆಗೆ ವಿಜಯನಗರ. ಅಲ್ಲಿಗೆ 24 ಇದ್ದದ್ದು 2ಕ್ಕೆ ಇಳಿಯಿತು. ನಡುವಿನದು ಗೊತ್ತಿಲ್ಲದಿದ್ದರೂ ಬಟನ್ ಒತ್ತಿ.

ಇನ್ನು ಲೈಫ್‌ಲೈನ್, ಅಂದರೆ ಉತ್ತರ ಗೊತ್ತಿಲ್ಲದಾಗ ಸ್ಪರ್ಧಿ ಪಡೆಯಬಹುದಾದ ಸಹಾಯದ ವಿಷಯ. ಸಿನಿಮಾ, ಕ್ರಿಕೆಟ್, ಅಡುಗೆ ಬಂದಾಗ ಪ್ರೇಕ್ಷಕರನ್ನು ಕೇಳಿ. ನಿಕೋಬಾರಿನಂಥ ಪ್ರಶ್ನೆಗೆ ಅವರನ್ನು ಕೇಳಿದರೆ ಅವರೂ ಊಹೆ ಮಾಡುತ್ತಾರೆ, ಆದರೆ ಪರದೆ ಮೇಲೆ ಅದು ಶೇಕಡಾವಾರು ಲೆಕ್ಕವಾಗಿ ಬಂದು ನಿಮ್ಮನ್ನು ನಂಬಿಸಿಬಿಡುತ್ತೆ. ಫೋನ್ ಮಾಡೋಕೆ 30 ಸೆಕೆಂಡ್ ಸಿಕ್ಕರೆ ಕ್ಷೇಮಸಮಾಚಾರ ಬೇಡ. ಪ್ರಶ್ನೆಯನ್ನು ಒಂದೇ ಉಸಿರಲ್ಲಿ ಓದಿ, ನಾಲ್ಕೂ ಆಯ್ಕೆ ಹೇಳಿ, ‘ಎಷ್ಟು ಖಾತ್ರಿ?’ ಅಂತ ಕೇಳಿ. ಆ ಕೊನೆಯ ಮಾತನ್ನು ಬಹಳ ಜನ ಮರೆಯುತ್ತಾರೆ.

ಆಟ ಬಿಟ್ಟು ಹೋಗಬೇಕಾ, ಆಡಬೇಕಾ? 2000ದ ಮೊತ್ತಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಹತ್ತನೇ ಪ್ರಶ್ನೆ ದಾಟಿದರೆ 3,20,000 ಖಾಯಂ. ಹನ್ನೊಂದನೆಯದು ತಪ್ಪಿದರೂ ಅಷ್ಟೇ ಸಿಗುತ್ತೆ. ಹಾಗಾಗಿ ಅಲ್ಲಿ ಆಟ ಬಿಡೋದಕ್ಕೆ ಕಾರಣವೇ ಇಲ್ಲ, ಕಣ್ಣು ಮುಚ್ಚಿಯಾದರೂ ಒಂದು ಉತ್ತರ ಹೇಳಿ. ಕೈಯಲ್ಲಿ ಹನ್ನೆರಡೂವರೆ ಲಕ್ಷ ಇದ್ದು 25 ಲಕ್ಷದ ಪ್ರಶ್ನೆ ಬಂತು ಅಂದುಕೊಳ್ಳಿ. ಸೋತರೆ 3,20,000ಕ್ಕೆ ಬೀಳುತ್ತೀರಿ. ಶೇ 43ಕ್ಕಿಂತ ಹೆಚ್ಚು ಖಾತ್ರಿ ಇದ್ದರೆ ಮಾತ್ರ ಆಡೋದು ಲಾಭ. 50 ಲಕ್ಷದಿಂದ ಕೋಟಿಗೆ ಹೋಗುವಾಗ ಆ ಗೆರೆ ಶೇ 48ಕ್ಕೆ ಏರುತ್ತೆ. ಇದು ಬರೀ ಕಾಗದದ ಲೆಕ್ಕ. ಮನೆ ಸಾಲ ತಲೆ ಮೇಲಿರೋರಿಗೆ ಆ ಗೆರೆ ಇನ್ನೂ ಮೇಲಿರಬೇಕು. ಹನ್ನೆರಡೂವರೆ ಲಕ್ಷ ತೆಗೆದುಕೊಂಡು ಎದ್ದು ಬಂದವರನ್ನು ಹೇಡಿ ಅನ್ನೋದು ಅನ್ಯಾಯ.

ದೂರದರ್ಶನ ಚಂದನದಲ್ಲಿ ಡಾ. ನಾ. ಸೋಮೇಶ್ವರ ನಡೆಸಿಕೊಡೋ ‘ಥಟ್ ಅಂತ ಹೇಳಿ’ಯ ದಾರಿಯೇ ಬೇರೆ. 2002ರಿಂದ ಬರ್ತಿರೋ ಆ ಕಾರ್ಯಕ್ರಮದಲ್ಲಿ ಬಹುಮಾನ ಪುಸ್ತಕ. ಅಲ್ಲಿ ನಾಲಿಗೆ ಚುರುಕಾಗಿರಬೇಕು.

ಅಭ್ಯಾಸಕ್ಕೆ ದಿನಕ್ಕೆ ಐದು ಪ್ರಶ್ನೆ ಓದೋ ಬದಲು ಒಂದು ಪ್ರಶ್ನೆ ಬರೆಯಿರಿ. 1967ರ ಜ್ಞಾನಪೀಠವನ್ನು ಕುವೆಂಪು ಅವರ ಜೊತೆ ಹಂಚಿಕೊಂಡವರು ಯಾರು? ಉತ್ತರ ಗುಜರಾತಿ ಕವಿ ಉಮಾಶಂಕರ ಜೋಶಿ. ಉಳಿದ ಮೂರು ಹೆಸರು ನೀವೇ ಹುಡುಕಿ. ಅದೇ ಕಾಲದವರಾಗಿರಬೇಕು, ಜ್ಞಾನಪೀಠ ಪಡೆದವರಾಗಿರಬೇಕು, ಆದರೆ ಆ ವರ್ಷದವರಾಗಿರಬಾರದು. ಸಿಕ್ಕಿದ್ದನ್ನು ಕಮೆಂಟ್‌ನಲ್ಲಿ ಹಾಕಿ.