ಈ ವಚನ ಎಲ್ಲಿ ಸಿಕ್ಕಿತಮ್ಮಾ?

ಎಲ್ಲರಿಗೂ ನಮಸ್ಕಾರ. ಕಳೆದ ಸೆಮಿಸ್ಟರಿನಲ್ಲಿ ನಮ್ಮ ಬಿ.ಎ. ತರಗತಿಗೆ ಬಸವಣ್ಣನವರ ವಚನಗಳಲ್ಲಿ ಕಾಯಕದ ಕಲ್ಪನೆ ಎಂಬ ವಿಷಯದ ಮೇಲೆ ಅಸೈನ್‌ಮೆಂಟ್ ಕೊಟ್ಟಿದ್ದೆ. ಕನಿಷ್ಠ ಎರಡು ವಚನಗಳನ್ನು ಉದಾಹರಿಸಬೇಕು, ಸ್ವಂತ ಕೈಬರಹದಲ್ಲಿಯೇ ಬರೆದು ತರಬೇಕು ಎಂದು ಹೇಳಿದ್ದೆ. ಬಂದ ಹಾಳೆಗಳನ್ನು ಮನೆಗೆ ಒಯ್ದು ಓದುತ್ತಿದ್ದಾಗ, ಒಬ್ಬ ವಿದ್ಯಾರ್ಥಿನಿ ಮುತ್ತು ಪೋಣಿಸಿದಂತೆ ಬರೆದಿದ್ದ ಒಂದು ವಚನದ ಬಳಿ ನನ್ನ ಪೆನ್ನು ನಿಂತಿತು. ಐದು ಸಾಲುಗಳಿದ್ದವು, ಕೊನೆಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತವೂ ಇತ್ತು. ಆದರೆ ಮೂರನೆಯ ಸಾಲಿನಲ್ಲಿ ‘ಸಮಾಜದ ಅಭಿವೃದ್ಧಿ’ ಎಂಬ ಮಾತಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಯಾರ ಬಾಯಿಯಿಂದಲೂ ಹೊರಡುವ ಮಾತಲ್ಲ ಅದು. ಸಮಗ್ರ ವಚನ ಸಂಪುಟಗಳ ಪೈಕಿ ಬಸವಣ್ಣನವರ ಮೊದಲ ಸಂಪುಟವನ್ನು ತೆಗೆದು ನೋಡಿದೆ, ಸಿಗಲಿಲ್ಲ. 20,000ಕ್ಕೂ ಹೆಚ್ಚು ವಚನಗಳನ್ನು ಪದ ಕೊಟ್ಟು ಹುಡುಕಲು ಅವಕಾಶವಿರುವ ವಚನ ಸಂಚಯ ಜಾಲತಾಣದಲ್ಲಿ ಒಂದೊಂದು ಸಾಲನ್ನೂ ಹಾಕಿ ಹುಡುಕಿದೆ, ಅಲ್ಲಿಯೂ ಇರಲಿಲ್ಲ.

ಮರುದಿನ ಅವಳನ್ನು ಕರೆದು, “ಈ ವಚನ ಎಲ್ಲಿ ಸಿಕ್ಕಿತಮ್ಮಾ?” ಎಂದು ಕೇಳಿದೆ. “ಫೋನಿನಲ್ಲಿ ಎ.ಐ.ಯನ್ನು ಕೇಳಿದೆ ಸರ್, ಅದೇ ಹುಡುಕಿ ಕೊಟ್ಟಿತು” ಎಂದಳು. ಅವಳ ಮುಖದಲ್ಲಿ ಕಳ್ಳತನ ಸಿಕ್ಕಿಬಿದ್ದ ಅಳುಕು ಇರಲಿಲ್ಲ. ಅದು ಎಲ್ಲಿಂದಲೋ ಹುಡುಕಿ ತಂದುಕೊಟ್ಟಿದೆ ಎಂದೇ ಅವಳು ನಂಬಿದ್ದಳು. ಎರಡು ಗಂಟೆ ಕುಳಿತು ಅಷ್ಟನ್ನೂ ಕೈಯಲ್ಲಿ ನಕಲು ಮಾಡಿದ್ದಳು. ಕೈಬರಹ ಕಡ್ಡಾಯ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದ ನನ್ನ ಲೆಕ್ಕ ತಪ್ಪಿದ್ದು ಅಲ್ಲಿ.

ಇಂಥ ಯಂತ್ರಗಳು ಕೆಲಸ ಮಾಡುವ ಬಗೆಯನ್ನು ನಮ್ಮ ಮಕ್ಕಳಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲೆ ನಾವು ಅದನ್ನು ಗೂಗಲ್‌ನ ತಮ್ಮನಂತೆ ನೋಡಿದೆವು. ಆದರೆ ಮೂಲದಲ್ಲಿ ಅದರ ಕೆಲಸ ಹುಡುಕುವುದಲ್ಲ. ಅಪಾರವಾದ ಬರಹವನ್ನು ಅರಗಿಸಿಕೊಂಡು, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಲೆಕ್ಕಹಾಕಿ ವಾಕ್ಯವನ್ನು ಕಟ್ಟುತ್ತಾ ಹೋಗುವುದು. ಬಸವಣ್ಣನವರ ವಚನವೆಂದರೆ ಕೊನೆಯಲ್ಲಿ ಕೂಡಲಸಂಗಮದೇವ ಬರಬೇಕು, ಅಕ್ಕನದಾದರೆ ಚೆನ್ನಮಲ್ಲಿಕಾರ್ಜುನ ಬರಬೇಕು ಎಂಬ ಆಕಾರ ಅದಕ್ಕೆ ಗೊತ್ತಿದೆ. ಆ ಆಕಾರದೊಳಗೆ ತುಂಬಿದ್ದು ನಿಜವಾದ ವಚನವೋ ಅಲ್ಲವೋ ಎಂಬುದನ್ನು ಪರಿಶೀಲಿಸಿ ನೋಡುವುದು ಆ ವಾಕ್ಯ ಕಟ್ಟುವ ಕೆಲಸದ ಭಾಗವಲ್ಲ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದಕ್ಕೆ ಇಬ್ಬರು ವಕೀಲರು ಇದೇ ರೀತಿ ಹುಟ್ಟಿದ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ಅನುಭವಿ ವಕೀಲರೇ ಎಡವಿದ ಜಾಗದಲ್ಲಿ ಹತ್ತೊಂಬತ್ತು ವರ್ಷದ ಹುಡುಗಿಯನ್ನು ಅಪರಾಧಿಯಂತೆ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

ಸ್ಟಾಫ್ ರೂಮಿನಲ್ಲಿ ಈ ವಿಷಯ ಎತ್ತಿದಾಗ ಮೊದಲು ಬಂದ ಸಲಹೆ, ಎ.ಐ. ಬರೆದದ್ದನ್ನು ಪತ್ತೆಹಚ್ಚುವ ಸಾಫ್ಟ್‌ವೇರ್ ತರಿಸೋಣ ಎಂಬುದು. ಈ ಸಲಹೆಯನ್ನು ನಾನು ಸ್ಪಷ್ಟವಾಗಿ ವಿರೋಧಿಸುತ್ತೇನೆ. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದೊಂದು ಪತ್ತೆ ಸಾಧನವನ್ನು ಬಿಡುಗಡೆ ಮಾಡಿತ್ತು. ಕಂಪನಿಯೇ ಒಪ್ಪಿಕೊಂಡಂತೆ ಅದು ಯಂತ್ರ ಬರೆದದ್ದರಲ್ಲಿ ಶೇ. 26ರಷ್ಟನ್ನು ಮಾತ್ರ ಸರಿಯಾಗಿ ಗುರುತಿಸುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ ಶೇ. 9ರಷ್ಟನ್ನು ಯಂತ್ರದ್ದೆಂದು ತಪ್ಪಾಗಿ ಹೇಳುತ್ತಿತ್ತು. ಆರು ತಿಂಗಳೊಳಗೆ ಅದನ್ನು ಹಿಂತೆಗೆದುಕೊಂಡರು. ಅದೇ ವರ್ಷ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯವೂ ತಾನು ಬಳಸುತ್ತಿದ್ದ ಪತ್ತೆ ಸೌಲಭ್ಯವನ್ನು ನಿಲ್ಲಿಸಿತು. ವರ್ಷಕ್ಕೆ 75,000 ಬರಹಗಳು ಸಲ್ಲಿಕೆಯಾಗುವಲ್ಲಿ ನೂರಕ್ಕೆ ಒಂದು ತಪ್ಪಾದರೂ ಸುಮಾರು 750 ಬರಹಗಳ ಮೇಲೆ ಸುಳ್ಳು ಆರೋಪ ಬರುತ್ತದೆ ಎಂಬುದು ಅವರ ಲೆಕ್ಕವಾಗಿತ್ತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಅವರು ಏಳು ಪತ್ತೆ ಸಾಧನಗಳಿಗೆ ಒಡ್ಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಯಂತ್ರದ ಬರಹವೆಂದು ತಪ್ಪಾಗಿ ಗುರುತಾದವು. ಪದಸಂಪತ್ತು ಸೀಮಿತವಾಗಿದ್ದು, ವಾಕ್ಯಗಳು ಸರಳವಾಗಿ, ಊಹಿಸಬಹುದಾದ ಹಾದಿಯಲ್ಲೇ ಸಾಗಿದರೆ ಸಾಧನಕ್ಕೆ ಅನುಮಾನ ಬರುತ್ತದೆ. ಈಗ ನಮ್ಮ ತರಗತಿಯನ್ನು ನೆನಪು ಮಾಡಿಕೊಳ್ಳಿ. ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ.ಗೋ ಬಿ.ಎಸ್ಸಿ.ಗೋ ಬಂದ ಮೇಲೆ ತನಗೆ ಖಚಿತವಾಗಿ ಗೊತ್ತಿರುವ ಮುನ್ನೂರು ನಾನೂರು ಇಂಗ್ಲಿಷ್ ಪದಗಳಲ್ಲಿ ಎಚ್ಚರದಿಂದ ವಾಕ್ಯ ಕಟ್ಟುವ ಹುಡುಗ ಬರೆಯುವುದು ಅಂಥದೇ ಇಂಗ್ಲಿಷನ್ನು. ಪ್ರಾಮಾಣಿಕವಾಗಿ ಬರೆದ ಅವನನ್ನೇ ಆ ಸಾಧನ ಮೊದಲು ಹಿಡಿಯುತ್ತದೆ.

ಕೃತಿಚೌರ್ಯವನ್ನು ಪತ್ತೆಹಚ್ಚಲು ಈಗಾಗಲೇ ತಂತ್ರಾಂಶವಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯು.ಜಿ.ಸಿ.) 2018ರ ನಿಯಮಾವಳಿ ಶೇ. 10ರವರೆಗಿನ ಸಾಮ್ಯವನ್ನು ದಂಡನೆಯಿಲ್ಲದೆ ಬಿಟ್ಟು, ಅದಕ್ಕಿಂತ ಮೇಲಿನದಕ್ಕೆ ಹಂತಹಂತವಾಗಿ ಶಿಕ್ಷೆ ಹೇಳುತ್ತದೆ. ಆದರೆ ಅಲ್ಲಿ ತಂತ್ರಾಂಶವು, ಈ ಪ್ಯಾರಾ ಇಂಥ ಪ್ರಬಂಧದ ಇಂಥ ಪುಟದಲ್ಲಿದೆ ಎಂದು ಮೂಲವನ್ನು ಎದುರಿಗಿಟ್ಟು ತೋರಿಸುತ್ತದೆ, ವಿದ್ಯಾರ್ಥಿ ಅದನ್ನು ನೋಡಿ ಉತ್ತರ ಹೇಳಬಹುದು. ಎ.ಐ. ಪತ್ತೆ ಸಾಧನ ತೋರಿಸುವುದು ಒಂದು ಅಂದಾಜಿನ ಅಂಕಿಯನ್ನು ಮಾತ್ರ. ಎದುರಿಗಿಡಲು ಮೂಲವೇ ಇಲ್ಲದ ಆರೋಪಕ್ಕೆ ಆ ಹುಡುಗ ಏನೆಂದು ಉತ್ತರ ಕೊಡಬೇಕು?

ಹಾಗಾದರೆ ಬಳಕೆಯನ್ನೇ ನಿಷೇಧಿಸಬೇಕೇ ಎಂಬ ಪ್ರಶ್ನೆಗೂ ಬೇಡವೆಂದೇ ಹೇಳುತ್ತೇನೆ. ನಮ್ಮ ಕಾಲೇಜಿನ ಹಾಸ್ಟೆಲಿನಲ್ಲಿರುವ ಅರ್ಥಶಾಸ್ತ್ರದ ಹುಡುಗನೊಬ್ಬ, ಪಿ.ಯು.ಸಿ.ಯಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂದು ಬಾಯಿಪಾಠ ಮಾಡಿದ್ದ ಸಂಗತಿಯೇ ಈಗ ಇಂಗ್ಲಿಷ್ ಪುಸ್ತಕದಲ್ಲಿ ಎಲಾಸ್ಟಿಸಿಟಿ ಆಗಿ ಬಂದಾಗ ಎರಡೂ ಒಂದೇ ಎಂದು ತಿಳಿಯದೆ ಒಂದು ತಿಂಗಳು ಒದ್ದಾಡಿದ್ದ. ಒಂದು ರಾತ್ರಿ ಫೋನಿನಲ್ಲಿ, ಇದನ್ನು ಕನ್ನಡದಲ್ಲಿ ನನಗೆ ಅರ್ಥವಾಗುವಂತೆ ಹೇಳು ಎಂದು ಕೇಳಿದನಂತೆ. ಉಪ್ಪಿನ ಬೆಲೆ ಏರಿದರೂ ಮನೆಯಲ್ಲಿ ಉಪ್ಪು ಕಡಿಮೆ ಹಾಕುವುದಿಲ್ಲ, ಸೇಬಿನ ಬೆಲೆ ಏರಿದರೆ ಕೊಳ್ಳುವುದನ್ನೇ ಬಿಡುತ್ತಾರೆ ಎಂಬ ಉದಾಹರಣೆ ಬಂದಿತು. ಮತ್ತೆ ಕೇಳಿದ, ಹತ್ತು ಸಲ ಕೇಳಿದ. ಅರವತ್ತು ಜನರ ಎದುರು ಎದ್ದು ನಿಂತು ಮೇಷ್ಟ್ರನ್ನು ಹತ್ತು ಸಲ ಕೇಳಲು ಅವನಿಗೆ ಧೈರ್ಯ ಸಾಲುತ್ತಿರಲಿಲ್ಲ. ಟ್ಯೂಷನ್ನಿಗೆ ಹಣ ಕೊಡಲಾಗದ ಮನೆಯ ಹುಡುಗನಿಗೆ ಸಿಕ್ಕ ಈ ಆಸರೆಯನ್ನು ಕಿತ್ತುಕೊಳ್ಳುವ ಹಕ್ಕು ನನಗಿಲ್ಲ.

ಕಲಿಯುವಾಗ ಕೇಳಲಿ. ಕಲಿತದ್ದನ್ನು ಅಳೆಯುವ ಬಗೆಯನ್ನು ಬದಲಿಸಬೇಕಾದವರು ನಾವು. ಒಪ್ಪಿಕೊಳ್ಳಬೇಕಾದ ಇನ್ನೊಂದು ಮಾತೂ ಇದೆ. ಎ.ಐ. ಬರುವುದಕ್ಕೆ ಮೊದಲೂ ನಮ್ಮ ಅಸೈನ್‌ಮೆಂಟುಗಳು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿಯೇ ಹುಟ್ಟುತ್ತಿದ್ದವು. ಒಬ್ಬರು ಬರೆದದ್ದನ್ನು ಐವತ್ತು ಜನ ನಕಲು ಮಾಡಿ ತಂದರೂ ನಾವು ಪುಟ ಎಣಿಸಿ ಅಂಕ ಹಾಕಿದ್ದೇವೆ.

ಆದ್ದರಿಂದ ಈ ಸೆಮಿಸ್ಟರಿನಿಂದ ನಾನು ಒಂದು ಕೆಲಸ ಶುರುಮಾಡಿದ್ದೇನೆ. ಅಸೈನ್‌ಮೆಂಟ್ ತಂದ ಪ್ರತಿಯೊಬ್ಬರನ್ನೂ ಐದು ನಿಮಿಷ ಎದುರಿಗೆ ಕೂರಿಸಿಕೊಳ್ಳುತ್ತೇನೆ. ಎ.ಐ. ಬಳಸಿದ್ದರೆ ಎಲ್ಲಿ, ಯಾವುದಕ್ಕೆ ಬಳಸಿದೆ ಎಂಬುದನ್ನು ಕೊನೆಯ ಪುಟದಲ್ಲಿ ಬರೆದಿರಬೇಕು, ಬರೆದರೆ ಅಂಕ ಕಡಿತವಿಲ್ಲ. ಆಮೇಲೆ ಹಾಳೆಯಲ್ಲಿನ ಒಂದು ವಾಕ್ಯವನ್ನು ತೋರಿಸಿ, ಇದನ್ನು ನಿನ್ನ ಮಾತಿನಲ್ಲಿ ಹೇಳು ಎನ್ನುತ್ತೇನೆ. ಉದಾಹರಿಸಿದ ವಚನ ಎಲ್ಲಿದೆ ಎಂದು ತೋರಿಸಲು ಹೇಳುತ್ತೇನೆ. ಆಂತರಿಕ ಮೌಲ್ಯಮಾಪನದ ಅಂಕಗಳಲ್ಲಿ ಅರ್ಧದಷ್ಟು ಈ ಮಾತುಕತೆಗೇ. ನಾಚಿಕೆಯ ಮಕ್ಕಳು ತಡವರಿಸುತ್ತಾರೆ, ಅವರಿಗೆ ಎರಡನೆಯ ಸಲ ಅವಕಾಶ ಕೊಡುತ್ತೇನೆ. ಪ್ರಶ್ನೆಪತ್ರಿಕೆ ತಯಾರಿಸುವಾಗಲೋ ನೋಟ್ಸ್ ಸಿದ್ಧಪಡಿಸುವಾಗಲೋ ನಾನೇ ಎ.ಐ. ಬಳಸಿದರೆ ಅದನ್ನೂ ತರಗತಿಯಲ್ಲಿ ಹೇಳುತ್ತೇನೆ. ಮಕ್ಕಳಿಂದ ಕೇಳುವ ಪ್ರಾಮಾಣಿಕತೆ ಮೇಷ್ಟ್ರಲ್ಲಿಯೂ ಇರಬೇಕು.

ಇದಕ್ಕೆ ಬೇಕಾಗುವುದು ಸಮಯ. ಅರವತ್ತು ಜನರಿಗೆ ಐದು ನಿಮಿಷದಂತೆ ಒಂದು ತರಗತಿಗೆ ಐದು ಗಂಟೆ, ನಾಲ್ಕು ತರಗತಿ ಇದ್ದರೆ ಇಪ್ಪತ್ತು ಗಂಟೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಹೊರೆಯನ್ನು ಹೊತ್ತಿರುವ ಅತಿಥಿ ಉಪನ್ಯಾಸಕರಿಂದ, ಅವರ ಕಾರ್ಯಭಾರದಲ್ಲಿ ಲೆಕ್ಕಕ್ಕೇ ಬಾರದ ಈ ಇಪ್ಪತ್ತು ಗಂಟೆಯನ್ನು ಪುಕ್ಕಟೆಯಾಗಿ ಕೇಳುವುದು ಅನ್ಯಾಯ. ಪತ್ತೆ ಸಾಫ್ಟ್‌ವೇರಿನ ಚಂದಾಕ್ಕೆ ಹಣ ಕೊಡಲು ಸಿದ್ಧವಿರುವ ವಿಶ್ವವಿದ್ಯಾಲಯಗಳು ಅದೇ ಹಣವನ್ನು ಈ ಗಂಟೆಗಳಿಗೆ ಕೊಡಲಿ, ವೇಳಾಪಟ್ಟಿಯಲ್ಲಿ ಮೌಖಿಕ ಮೌಲ್ಯಮಾಪನವನ್ನು ಪಾಠದ ಅವಧಿಯಂತೆಯೇ ಸೇರಿಸಲಿ ಎಂಬುದು ನನ್ನ ಬೇಡಿಕೆ. ನಮ್ಮ ವಿಭಾಗದಿಂದ ಈ ಬಗ್ಗೆ ಪ್ರಾಂಶುಪಾಲರಿಗೆ ಪತ್ರ ಕೊಟ್ಟಿದ್ದೇವೆ. ಸದ್ಯಕ್ಕೆ ಶನಿವಾರ ಮಧ್ಯಾಹ್ನದ ಎರಡು ಗಂಟೆಗಳನ್ನು ನಾವೇ ಹೊಂದಿಸಿಕೊಂಡಿದ್ದೇವೆ.

ಆ ವಿದ್ಯಾರ್ಥಿನಿಗೆ ನಾನು ಸೊನ್ನೆ ಹಾಕಲಿಲ್ಲ, ಹಾಳೆಯನ್ನು ಹಿಂದಕ್ಕೆ ಕೊಟ್ಟು ಒಂದು ವಾರದ ಗಡುವು ಕೊಟ್ಟೆ. ಅವಳು ಗ್ರಂಥಾಲಯದಲ್ಲಿ ಸಂಪುಟ ತೆಗೆದು, ಬೇರೆ ಎರಡು ವಚನಗಳನ್ನು ಆರಿಸಿ, ಪಕ್ಕದಲ್ಲಿ ವಚನ ಸಂಖ್ಯೆಯನ್ನೂ ಬರೆದು ತಂದಳು. ಐದು ನಿಮಿಷಕ್ಕೆಂದು ಕೂತವಳು, ಒಂದು ವಚನದಲ್ಲಿನ ಹಳೆಯ ಪದವೊಂದನ್ನು ತಮ್ಮ ಅಜ್ಜಿ ಈಗಲೂ ಹೊಲದಲ್ಲಿ ಬಳಸುತ್ತಾರೆ ಎಂದು ಹೇಳತೊಡಗಿ, ಮುಂದಿನ ತರಗತಿಯ ಗಂಟೆ ಹೊಡೆಯುವವರೆಗೂ ಮಾತನಾಡಿದಳು.