ಹೀರೊ ತಾನಲ್ಲದ ಸಿನಿಮಾಗೆ ದುಡ್ಡು ಹಾಕುವವರು

ನಮಸ್ಕಾರ. ಯಾರಾದರೂ ಸ್ಟಾರ್ ನಟ ಸ್ವಂತ ಬ್ಯಾನರ್ ಶುರು ಮಾಡಿದರು ಅಂದಾಗ ನಾನು ಮೊದಲು ನೋಡುವುದು ಒಂದೇ ವಿಷಯ. ಅವರು ಹೀರೊ ಅಲ್ಲದ ಸಿನಿಮಾಗಳು ಆ ಬ್ಯಾನರ್‌ನಲ್ಲಿ ಎಷ್ಟಿವೆ?

ತಾನೇ ಹೀರೊ ಆದರೆ ಲೆಕ್ಕ ಸುಲಭ. ಶೂಟಿಂಗ್ ಮುಗಿಯುವ ಮೊದಲೇ ಆಡಿಯೊ, ಸ್ಯಾಟಲೈಟ್, ಡಬ್ಬಿಂಗ್ ರೈಟ್ಸ್ ಕೇಳಿಕೊಂಡು ಜನ ಬರುತ್ತಾರೆ. ಹೊಸ ಮುಖಗಳ ಸಿನಿಮಾ ಹಾಗಲ್ಲ. ಪೂರ್ತಿ ಮುಗಿಸಿ, ಕೈಯಲ್ಲಿ ಹಿಡಿದುಕೊಂಡು, ಬಾಗಿಲು ಬಾಗಿಲು ತಟ್ಟಬೇಕು. ಅಷ್ಟರಲ್ಲಿ ಸಾಲದ ಬಡ್ಡಿ ಬೆಳೆಯುತ್ತಾ ಹೋಗುತ್ತದೆ.

ಅದಕ್ಕೇ ನನಗೆ ಅಪ್ಪು, ಅಂದರೆ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ಅಂದರೆ ಅಷ್ಟು ಗೌರವ. 2019ರಲ್ಲಿ ಬಂದ ಅದರ ಮೊದಲ ಸಿನಿಮಾ ‘ಕವಲುದಾರಿ’. ಹೀರೊ ಪುನೀತ್ ಅಲ್ಲ, ರಿಷಿ. ಜೊತೆಗೆ ಅನಂತ್ ನಾಗ್. ಒಬ್ಬ ಟ್ರಾಫಿಕ್ ಪೊಲೀಸ್ ಹಳೆಯ ಕೊಲೆ ಪ್ರಕರಣದ ಬೆನ್ನು ಹತ್ತುವ ಕತೆ. ಫೈಟ್ ಇಟ್ಟು, ಡ್ಯಾನ್ಸ್ ಇಟ್ಟು ತಾವೇ ನಿಂತಿದ್ದರೆ ಮೊದಲ ದಿನವೇ ಹೌಸ್‌ಫುಲ್ ಆಗುತ್ತಿತ್ತು, ಅಲ್ವಾ? ಅವರು ಹಾಗೆ ಮಾಡಲಿಲ್ಲ. 2020ರ ಜುಲೈನಲ್ಲಿ, ಥಿಯೇಟರ್‌ಗಳೆಲ್ಲ ಮುಚ್ಚಿದ್ದಾಗ, ಇದೇ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಂದವು. ಅಪ್ಪು ಹೋದ ಮೇಲೂ ಅವರ ಪತ್ನಿ ಅಶ್ವಿನಿ ಬಾಗಿಲು ಮುಚ್ಚಲಿಲ್ಲ. 2023ರ ‘ಆಚಾರ್ ಅಂಡ್ ಕೋ’ದಲ್ಲಿ ನಿರ್ದೇಶಕಿಯೂ ಹೊಸಬರೇ, ಸಿಂಧು ಶ್ರೀನಿವಾಸಮೂರ್ತಿ.

ಎಲ್ಲ ಸಿನಿಮಾ ಚೆನ್ನಾಗಿದ್ದವು ಅಂತ ನಾನು ಹೇಳುವುದಿಲ್ಲ. ಕೆಲವು ನನಗೂ ಹಿಡಿಸಲಿಲ್ಲ. ಆದರೆ ಹೊಸಬರಿಗೆ ಸೋಲುವುದಕ್ಕೂ ಒಂದು ಜಾಗ ಬೇಕು. ಆ ಜಾಗದ ಬಾಡಿಗೆಯನ್ನು ಒಬ್ಬ ಸ್ಟಾರ್ ಕಟ್ಟಿದರಲ್ಲ, ನನಗೆ ದೊಡ್ಡದಾಗಿ ಕಾಣುವುದು ಅದು.

ಇನ್ನು ‘ಏಕಂ’ ವಿಷಯ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಟ ರಕ್ಷಿತ್ ಶೆಟ್ಟಿ ಅವರ ಪರಂವಃ ಸ್ಟುಡಿಯೋಸ್ ಬೆನ್ನಿಗೆ ನಿಂತ ವೆಬ್ ಸೀರೀಸ್. ಕರಾವಳಿಯ ಏಳು ಕತೆಗಳು. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಅವರಂಥ ನಟರು. ಆದರೂ ಒಂದು ಒಟಿಟಿಯೂ ತೆಗೆದುಕೊಳ್ಳಲಿಲ್ಲ. ಕನ್ನಡಕ್ಕೆ ಮಾರ್ಕೆಟ್ ಇಲ್ಲ ಅನ್ನುವ ಅದೇ ಹಳೇ ಮಾತು. ಕೊನೆಗೆ 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿದರು. ಯೋಚನೆ ಮಾಡಿ, ಒಂದು ಸೀರೀಸ್ ತೋರಿಸುವುದಕ್ಕೆ ಒಂದು ಅಂಗಡಿಯನ್ನೇ ಕಟ್ಟಬೇಕಾಯಿತು! ಬೆನ್ನಿಗೆ ಗೆದ್ದ ನಟನೊಬ್ಬನ ಸಂಸ್ಥೆ ಇಲ್ಲದಿದ್ದರೆ ಅದು ಹಾರ್ಡ್ ಡಿಸ್ಕ್‌ನಲ್ಲೇ ಉಳಿದುಬಿಡುತ್ತಿತ್ತೋ ಏನೋ.

ನಮ್ಮದೂ ತಪ್ಪಿದೆ, ಒಪ್ಪಿಕೊಳ್ಳೋಣ. ನೆಚ್ಚಿನ ನಟ ಪೋಸ್ಟರ್‌ನಲ್ಲಿದ್ದರೆ ಬೆಳಗಿನ ಜಾವದ ಶೋಗೂ ಓಡುತ್ತೇವೆ. ಅದೇ ನಟ ನಿರ್ಮಾಪಕ ಮಾತ್ರ ಆಗಿದ್ದರೆ, ‘ಒಟಿಟಿಗೆ ಬರಲಿ, ನೋಡೋಣ’ ಅಂತ ಸುಮ್ನೆ ಕೂರುತ್ತೇವೆ. ಒಟಿಟಿಯವರು ಥಿಯೇಟರ್ ಕಲೆಕ್ಷನ್ ಕೇಳುತ್ತಾರೆ. ಇಬ್ಬರ ನಡುವೆ ಸಿನಿಮಾ ಸಾಯುತ್ತದೆ.

‘ಏಕಂ’ ಮಾರಾಟವಾಗದೆ ಕೂತಿದ್ದ ಕಾಲದಲ್ಲೇ ಪರಂವಃ ಅದರ ನಿರ್ದೇಶಕರಲ್ಲಿ ಒಬ್ಬರಾದ ಸುಮಂತ್ ಭಟ್ ಅವರಿಗೆ ಒಂದು ಸಿನಿಮಾ ಕೊಟ್ಟಿತು. ‘ಮಿಥ್ಯ’. ಅಪ್ಪ ಅಮ್ಮನನ್ನು ಕಳೆದುಕೊಂಡ 11 ವರ್ಷದ ಹುಡುಗನ ಕತೆ. 2023ರಲ್ಲಿ ಮುಂಬೈ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ, 2025ರ ಮಾರ್ಚ್‌ನಲ್ಲಿ ನಮ್ಮ ಥಿಯೇಟರ್‌ಗಳಿಗೆ. ಬರೀ ಲೆಕ್ಕ ನೋಡುವ ನಿರ್ಮಾಪಕರು ಆ ಹೊತ್ತಿನಲ್ಲಿ ಆ ನಿರ್ದೇಶಕರಿಗೆ ಫೋನ್ ಕೂಡ ಮಾಡುತ್ತಿರಲಿಲ್ಲ.