ಬ್ರೂಕ್‌ಲ್ಯಾಂಡ್ಸ್: ವಿಮಾನಗಳು ನುಂಗಿದ ರೇಸ್ ಟ್ರ್ಯಾಕ್
(ಬೀದರ್‌ನ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸ್ತಿದೆ ಅಲ್ವಾ? ನಡುವೆ ವಾಯುಪಡೆಯ ಹಾಕ್ ತರಬೇತಿ ವಿಮಾನ ಹಾರಿದರೆ ನಾನೇ ಅರ್ಧ ನಿಮಿಷ ಬಾಯಿ ಮುಚ್ಚುತ್ತೇನೆ. ಬೀದರ್‌ನಲ್ಲಿ ಪಾಠ ಹೇಳುವವರಿಗೆ 2008ರಿಂದ ಇದು ರೂಢಿ.

ಆ ಹಾಕ್ ಮೊದಲು ತಯಾರಾಗಿದ್ದು ಇಂಗ್ಲೆಂಡಿನ ಹಾಕರ್ ಸಿಡ್ಲಿ ಕಂಪನಿಯಲ್ಲಿ. ಹಾಕರ್ ಅನ್ನೋ ಹೆಸರಿನ ಬೆನ್ನು ಹತ್ತಿ ಹೋದರೆ ಒಂದು ಹಾಳುಬಿದ್ದ ಕಾರ್ ರೇಸ್ ಟ್ರ್ಯಾಕ್ ಸಿಗುತ್ತದೆ. ಅದೇ ಬ್ರೂಕ್‌ಲ್ಯಾಂಡ್ಸ್.

ಲಂಡನ್ ಹತ್ತಿರದ ವೇಬ್ರಿಡ್ಜ್‌ನಲ್ಲಿ ಹ್ಯೂ ಲಾಕ್ ಕಿಂಗ್ ಅಂತ ಒಬ್ಬ ಜಮೀನ್ದಾರ. ಆಗ ಬ್ರಿಟನ್ನಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿಗಿಂತ ಜಾಸ್ತಿ ಓಡಿಸುವಂತಿರಲಿಲ್ಲ. ಹಾಗಾದರೆ ಕಾರು ಕಟ್ಟುವವರು ಅದನ್ನು ಜೋರಾಗಿ ಓಡಿಸಿ ನೋಡುವುದು ಎಲ್ಲಿ? ಈತ ತನ್ನ ಜಮೀನಿನಲ್ಲೇ ಸುಮಾರು ಒಂದೂವರೆ ಲಕ್ಷ ಪೌಂಡ್ ಸುರಿದ. 1907ರ ಜೂನ್ 17ಕ್ಕೆ ಟ್ರ್ಯಾಕ್ ತೆರೆಯಿತು. ಒಂದು ಸುತ್ತಿಗೆ ಎರಡೂಮುಕ್ಕಾಲು ಮೈಲಿ, ಅಗಲ 100 ಅಡಿ.

ಜಾತ್ರೆಯಲ್ಲಿ ಮೌತ್ ಕಾ ಕುವಾ ನೋಡಿದ್ದೀರಲ್ಲ? ಬೈಕಿನವನು ಮರದ ಗೋಡೆ ಮೇಲೆ ಗಿರಗಿರ ಸುತ್ತುತ್ತಾನೆ. ಇಲ್ಲಿನ ತಿರುವುಗಳೂ ಅದೇ ಲೆಕ್ಕ. ರಸ್ತೆ ಹೊರಬದಿಗೆ ಏರುತ್ತ ಏರುತ್ತ ಸುಮಾರು 30 ಅಡಿ ಎತ್ತರಕ್ಕೆ ಹೋಗುತ್ತದೆ. ವೇಗ ಜಾಸ್ತಿ ಆದಷ್ಟೂ ಕಾರು ಮೇಲೆ ಹತ್ತುತ್ತದೆ. ಅಂಥ ಇಳಿಜಾರಿನ ಮೇಲೆ ಡಾಂಬರು ಹಾಕುವುದು ಕಷ್ಟ. ಅದಕ್ಕೆ ಬರೀ ಕಾಂಕ್ರೀಟು ಹಾಕಿ ಬಿಟ್ಟರು.

ಎಡವಟ್ಟು ಆಗಿದ್ದೇ ಅಲ್ಲಿ. ವರ್ಷ ಕಳೆದಂತೆ ಕೆಳಗಿನ ನೆಲ ಕುಸಿಯಿತು, ಹಾಸು ಒಡೆಯಿತು, ಉಬ್ಬು ತಗ್ಗು ಶುರುವಾದವು. ಎರೆ ನೆಲದಲ್ಲಿ ಮನೆ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟ್ರ್ಯಾಕು ವೇ ನದಿಯನ್ನು ದಾಟುವ ಕಡೆ ಒಂದು ದೊಡ್ಡ ಉಬ್ಬು. ಅಲ್ಲಿ ಕಾರುಗಳು ನೆಲ ಬಿಟ್ಟು ಹಾರುತ್ತಿದ್ದ ಫೋಟೋಗಳಿವೆ.

ಸದ್ದಿನ ಜಗಳವೂ ಇತ್ತು. ರಾತ್ರಿ ನಿದ್ದೆ ಇಲ್ಲ ಅಂತ ಅಕ್ಕಪಕ್ಕದವರು ತಕರಾರು ತೆಗೆದರು. ಹಾಗಾಗಿ 1929ರಲ್ಲಿ 24 ಗಂಟೆಯ ರೇಸನ್ನು ಎರಡು ಹಗಲಿಗೆ 12-12 ತಾಸು ಹಂಚಿ ಓಡಿಸಿದರು. ಇಲ್ಲಿ ಕೂತ ನಮಗಂತೂ ಆ ನೆರೆಯವರ ಮೇಲೆ ಸ್ವಲ್ಪ ಕನಿಕರ ಹುಟ್ಟಬೇಕು.

ಈಗ ವಿಮಾನದ ಮಾತು. ಟ್ರ್ಯಾಕಿನ ಒಳಗಿನ ಬಯಲು ಸುಮ್ನೆ ಬಿದ್ದಿತ್ತು. ವಿಮಾನದ ಹುಚ್ಚಿದ್ದವರು ಬಂದು ಅಲ್ಲಿ ಶೆಡ್ ಹಾಕಿಕೊಂಡರು. 1912ರಲ್ಲಿ ಹ್ಯಾರಿ ಹಾಕರ್ ಎಂಬ ಆಸ್ಟ್ರೇಲಿಯಾದ ಹುಡುಗ ಹಾರಲು ಕಲಿತಿದ್ದು ಅಲ್ಲೇ. ಆಗ ಹೇಳಿದೆನಲ್ಲ, ಕಂಪನಿಯ ಹೆಸರಿನಲ್ಲಿರುವ ಹಾಕರ್ ಇವನೇ. ಮೂಲೆಯಲ್ಲಿ ಜಾಗ ಕೇಳಿ ಬಂದವರು ಬರಬರುತ್ತ ಕಾರ್ಖಾನೆಗಳನ್ನೇ ಎಬ್ಬಿಸಿದರು.

1935 ನನಗೆ ಬಲು ಇಷ್ಟದ ವರ್ಷ. ಅಕ್ಟೋಬರ್ 7ಕ್ಕೆ ಜಾನ್ ಕಾಬ್ ತನ್ನ ನೇಪಿಯರ್-ರೈಲ್ಟನ್ ಕಾರಿನಲ್ಲಿ ಗಂಟೆಗೆ 143.44 ಮೈಲಿ, ಅಂದರೆ ಸುಮಾರು 231 ಕಿಲೋಮೀಟರ್ ವೇಗದಲ್ಲಿ ಸುತ್ತು ಹೊಡೆದ. ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ. ಸರಿಯಾಗಿ ಮೂವತ್ತು ದಿನಕ್ಕೆ, ನವೆಂಬರ್ 6ರಂದು, ಅದೇ ಬಯಲಿನಿಂದ ಹಾಕರ್ ಹರಿಕೇನ್ ಯುದ್ಧವಿಮಾನ ಮೊದಲ ಸಲ ಮೇಲೆದ್ದಿತು. ಕಾರಿನ ಕಥೆ ಅವತ್ತೇ ಮುಗಿಯಿತು ಅಂತ ನನ್ನ ಲೆಕ್ಕ.

ಕೊನೆಯ ರೇಸು 1939ರ ಆಗಸ್ಟ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಯುದ್ಧ. ಶತ್ರುವಿಮಾನದ ಕಣ್ಣಿಗೆ ಬೀಳದಿರಲಿ ಅಂತ ಟ್ರ್ಯಾಕಿನ ಕಾಂಕ್ರೀಟಿನಲ್ಲೇ ಮರ ನೆಟ್ಟರು. ಕಾರ್ಖಾನೆಗೆ ದಾರಿ ಬೇಕೆಂದು ಅಲ್ಲಲ್ಲಿ ಕಡಿದರು. 1946ರಲ್ಲಿ ಇಡೀ ಜಾಗ ವಿಮಾನ ಕಟ್ಟುವ ವಿಕರ್ಸ್ ಕಂಪನಿಗೆ ಮಾರಾಟವಾಯಿತು. ಮುಂದೆ ದೊಡ್ಡ ವಿಮಾನಗಳಿಗೆ ರನ್‌ವೇ ಸಾಲದೆ ಆ ಎತ್ತರದ ತಿರುವಿನ ಒಂದು ತುಂಡನ್ನೇ ಒಡೆದು ತೆಗೆದರು.

ಈಗ ಅಲ್ಲಿ ಒಂದು ಮ್ಯೂಸಿಯಂ ಇದೆ. ಉಳಿದ ತಿರುವಿನ ಮೇಲೆ ನಡೆದು ಹತ್ತಬಹುದು. ಕಾಬ್ ಓಡಿಸಿದ ಕಾರೂ ಅಲ್ಲೇ ಇದೆ. ಒಳಗಿರುವುದು 24 ಲೀಟರಿನ ವಿಮಾನದ ಇಂಜಿನ್. ಬ್ರೇಕು ಮಾತ್ರ ಹಿಂದಿನ ಎರಡು ಗಾಲಿಗಷ್ಟೇ.